ಮೊದಲು ಸುತ್ತು, ಆಮೇಲೆ ಕಾಯಿ

ಅವತ್ತು ಸೋಮವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಗುರುಮಲ್ಲಣ್ಣ ಡಂಪರಿನ ಮುಂದಿನ ಚಕ್ರದ ಬಳಿ ಬಗ್ಗಿ, ನೆಲದ ಮೇಲಿದ್ದ ಒದ್ದೆಗೆ ತೋರುಬೆರಳು ಚಾಚಿದ್ದರು. "ಅಣ್ಣ, ಅದು ಕಾಯಿ ನೀರು, ತುಳಿದುಬಿಟ್ಟೀರಿ" ಎಂದೆ ನಾನು. ಅವರು ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಕಾಲನ್ನೂ ಹಿಂದಕ್ಕಿಟ್ಟರು. ಚಕ್ರಕ್ಕೆ ಕೈ ಮುಗಿದು ಏಣಿ ಹತ್ತಿದರು.

ನಮ್ಮ ಕ್ವಾರಿಯಲ್ಲಿ ಯಾರನ್ನು ಕೇಳಿದರೂ ಅನಾಹುತ ಶುರುವಾದದ್ದು ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎನ್ನುತ್ತಾರೆ. ತನಿಖೆಯ ಕಾಗದದಲ್ಲೂ ಹಾಗೇ ಇದೆ. ನನ್ನ ಪಾಲಿಗೆ ಮಾತ್ರ ಅದು ಶುರುವಾದದ್ದು ಆ ಬೆರಳು ಹಿಂದಕ್ಕೆ ಹೋದಾಗ. ಆರು ತಿಂಗಳು ನಾನು ಆ ಬೆರಳನ್ನು ನೋಡುತ್ತಲೇ ಇದ್ದೆ.

ಕ್ವಾರಿ ಇರುವುದು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಮುಖ್ಯರಸ್ತೆಯಿಂದ ಒಳಕ್ಕೆ. ಗುಡ್ಡದ ಮೇಲೆ ಕಲ್ಲು ಒಡೆಯುವುದು, ಕೆಳಗೆ ಕ್ರಷರಿನಲ್ಲಿ ಅದನ್ನು ಜಲ್ಲಿ ಮಾಡುವುದು. ಮೇಲಿನಿಂದ ಕೆಳಕ್ಕೆ ಕಲ್ಲು ಸಾಗಿಸಲು ಇದ್ದದ್ದು ಒಂದೇ ಡಂಪರು. ಎಲ್ಲೋ ಉತ್ತರದ ಕಬ್ಬಿಣದ ಗಣಿಯಲ್ಲಿ ದುಡಿದು ದಣಿದು, ಹರಾಜಿನಲ್ಲಿ ನಮ್ಮ ಕಡೆಗೆ ಬಂದದ್ದು. ಅರವತ್ತು ಟನ್ ಹೊರುತ್ತಿತ್ತು. ಊರ ಟಿಪ್ಪರುಗಳು ಪಕ್ಕದಲ್ಲಿ ನಿಂತರೆ ಹಸುವಿನ ಪಕ್ಕ ಕರು ನಿಂತಂತೆ ಕಾಣುತ್ತಿದ್ದವು. ಹೆಲ್ಮೆಟ್ ಹಾಕಿಕೊಂಡರೂ ನನ್ನ ತಲೆ ಅದರ ಟೈರಿನ ಮೇಲ್ತುದಿಗೆ ಮುಟ್ಟುತ್ತಿರಲಿಲ್ಲ.

ಅದನ್ನು ಓಡಿಸಲು ಬಂದವರು ಗುರುಮಲ್ಲಣ್ಣ. ಬಿಳಿಗೆರೆಯವರು. ಇಪ್ಪತ್ತೈದರ ಹರೆಯದಲ್ಲಿ ಊರು ಬಿಟ್ಟು, ಹೊರ ರಾಜ್ಯಗಳ ಕಲ್ಲಿದ್ದಲು ಗಣಿಗಳಲ್ಲಿ ಮೂವತ್ತನಾಲ್ಕು ವರ್ಷ ಇದಕ್ಕಿಂತ ದೊಡ್ಡ ಗಾಡಿಗಳನ್ನು ಓಡಿಸಿ, ಒಂದು ಗೀರೂ ಮಾಡದೆ ಹಿಂದಿರುಗಿದ್ದರು. ಕುಳ್ಳಗಿನ ಆಳು. ಬೆಳಗಿನ ಪೂಜೆಯ ವಿಭೂತಿಯ ಮೂರು ಗೆರೆ ಹೆಲ್ಮೆಟ್ಟಿನ ಪಟ್ಟಿಗೆ ಅಳಿಸಿಹೋಗದಂತೆ ಸ್ವಲ್ಪ ಕೆಳಗೇ, ಹುಬ್ಬಿನ ಹತ್ತಿರ ಎಳೆದುಕೊಳ್ಳುತ್ತಿದ್ದರು. ಡಂಪರನ್ನು ಅವರು ಕರೆಯುತ್ತಿದ್ದದ್ದು "ಬಾಮೈದ" ಎಂದು.

"ಅದೇನಣ್ಣ ಬಾಮೈದ?" ಎಂದು ಕೇಳಿದ್ದೆ.

"ತಿನ್ನೋದು ಜಾಸ್ತಿ, ಮಾತು ಕೇಳೋದು ಕಮ್ಮಿ. ಅಂಗಂತ ಬುಡಕ್ಕಾಯ್ತದಾ? ಹೆಂಡ್ತಿ ಕಡೆಯೋನು."

ನಾನು ಭೂಗರ್ಭಶಾಸ್ತ್ರ ಓದಿದವಳು, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ನರಸೀಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಡಂಪರಿನ ಮುಂದೆ ನಿಂತು ಬಂಡೆಯ ಫೋಟೊ ತೆಗೆಯುತ್ತಿದ್ದೆ. ಎಂಜಿನ್ ಆಫ್ ಆಯಿತು. ಗುರುಮಲ್ಲಣ್ಣ ಇಳಿದು ಬಂದರು. ಬೈಯಲಿಲ್ಲ.

"ಮೇಡಂ, ವಸಿ ಮೇಲಕ್ಕೆ ಬನ್ನಿ" ಎಂದು ನನ್ನನ್ನು ಏಣಿ ಹತ್ತಿಸಿ ತಮ್ಮ ಸೀಟಿನಲ್ಲಿ ಕೂರಿಸಿದರು. ಆಮೇಲೆ ಕೆಳಗೆ ಕೂಗಿದರು: "ಕುಮಾರ, ನಿನ್ ಬೈಕ್ ತಂದು ಮೇಡಂ ನಿಂತಿದ್ ಜಾಗದಲ್ಲಿ ನಿಲ್ಸಲಾ."

ಲೋಡರ್ ಓಡಿಸುವ ಕುಮಾರ ದೇವನೂರಿನವನು. ಬೈಕು ಬಂದು ವಾರವಾಗಿತ್ತು. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ತಂದು ನಿಲ್ಲಿಸಿದ. ಮೇಲಿನಿಂದ ನೋಡಿದರೆ ಬೈಕೇ ಇಲ್ಲ. ಬಾನೆಟ್ಟು, ಅದರಾಚೆ ದೂರದ ನೆಲ, ಅಷ್ಟೇ.

"ಕಾಣ್ತದಾ?"

"ಇಲ್ಲ."

"ಈಗ ನಾನು ಸ್ಟಾರ್ಟ್ ಮಾಡಿ ಮುಂದಕ್ ಬುಟ್ರೆ?"

ಕೆಳಗಿನಿಂದ ಕುಮಾರನ ದನಿ ಬಂತು: "ಅಣ್ಣೋ, ಹೊಸ ಬೈಕಣ್ಣೋ! ಪಾಠಕ್ಕೆ ನಂದೇ ಬೇಕಿತ್ತಾ?"

ಗುರುಮಲ್ಲಣ್ಣ ನಗಲಿಲ್ಲ. "ನನ್ ಮುಖ ನಿಮ್ಗೆ ಕಾಣ್ದಿದ್ರೆ, ನೀವೂ ನನಗೆ ಕಾಣ್ತಾ ಇಲ್ಲ ಅಂತ ತಿಳ್ಕಳಿ. ಎಲ್ಲೇ ನಿಂತಿರಿ, ನನ್ ಮುಖ ಹುಡುಕಿ" ಎಂದರು. ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ನನಗೆ ಯಾರೂ ಇಷ್ಟು ಚುಟುಕಾಗಿ ಏನನ್ನೂ ಕಲಿಸಿರಲಿಲ್ಲ.

ಅವರ ದಿನ ಆರಂಭವಾಗುತ್ತಿದ್ದದ್ದು ಒಂದು ಸುತ್ತಿನಿಂದ. ಏಣಿಯ ಬುಡದಿಂದ ಹೊರಟು, ಗಾಡಿಯನ್ನು ಬಲಕ್ಕಿಟ್ಟುಕೊಂಡು, ಒಂದೊಂದು ಟೈರನ್ನೂ ಎತ್ತಿನ ಬೆನ್ನು ತಟ್ಟಿದಂತೆ ಅಂಗೈಯಲ್ಲಿ ತಟ್ಟುತ್ತ, ಮತ್ತೆ ಏಣಿಯ ಬುಡಕ್ಕೆ. ಹತ್ತುವ ಮೊದಲು ಶೂಗಳ ಅಡಿಯ ಮಣ್ಣನ್ನು ಕಲ್ಲಿಗೆ ಉಜ್ಜಿ ತೆಗೆಯುತ್ತಿದ್ದರು. ಹಣೆಯ ವಿಭೂತಿ, ಈ ಸುತ್ತು, ಈ ಶೂ ಉಜ್ಜುವುದು, ಎಲ್ಲ ಸೇರಿ ಇದು ಪ್ರದಕ್ಷಿಣೆ ಎಂದೇ ನಾವೆಲ್ಲ ನಂಬಿದ್ದೆವು. ಕುಮಾರನಂತೂ ತನ್ನ ಲೋಡರಿಗೂ ಕೈಮುಗಿದು, ಕಣ್ಣು ಅರೆಮುಚ್ಚಿ ಒಂದು ಸುತ್ತು ಹಾಕಲು ಶುರು ಮಾಡಿದ್ದ. ಒಂದು ದಿನ ಗುರುಮಲ್ಲಣ್ಣ ಅದನ್ನು ನೋಡಿ ಅವನ ಹೆಲ್ಮೆಟ್ಟಿಗೆ ಒಂದು ಕುಟ್ಟಿದರು.

"ಏನ್ಲಾ ಅದು?"

"ನೀವು ಮಾಡಂಗೇ ಮಾಡ್ತಾವ್ನಿ ಅಣ್ಣ."

"ಗುಡೀಲಿ ಕಣ್ಮುಚ್ಕಂಡು ಸುತ್ತು. ಇದನ್ನ ಕಣ್ ಬುಟ್ಕಂಡು ಸುತ್ಬೇಕು ಕಣ್ಲಾ. ಬೋಲ್ಟ್ ಸಡಿಲಾಗಿದ್ದದಾ, ಟೈರ್ ಸೀಳಿದ್ದದಾ, ಕೆಳಕ್ಕೆ ಏನಾರ ತೊಟ್ಟಿಕ್ತದಾ ಅಂತ ನೋಡ್ಬೇಕು. ಒದ್ದೆ ಕಂಡ್ರೆ ಬೆರಳಲ್ಲಿ ಮುಟ್ಟಿ, ಮೂಸಿ ನೋಡು. ಮೂಸ್ದೆ ನೀರು ಅನ್ಬ್ಯಾಡ."

ಸೋಮವಾರ ನಂಜುಂಡಪ್ಪನ ದಿನ. ಅವತ್ತು ಅವರು ಒಂದು ತೆಂಗಿನಕಾಯಿ ತರುತ್ತಿದ್ದರು. ಆದರೆ ಅದನ್ನು ಎಲ್ಲರಂತೆ ಚಕ್ರದ ಮುಂದೆ ಒಡೆಯುತ್ತಿರಲಿಲ್ಲ. ಸುತ್ತು ಮುಗಿಸಿ, ಮೂವತ್ತು ಹೆಜ್ಜೆ ಆಚೆ ಷೆಡ್ಡಿನ ಬಾಗಿಲ ಕಲ್ಲಿಗೆ ಒಡೆದು ಬರುತ್ತಿದ್ದರು. ಮಡಿಗೋ ಏನೋ ಎಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ.

ಅವರ ಇನ್ನೊಂದು ಹಟ, ತಿರುವಿನ ಮಣ್ಣು. ಗುಡ್ಡದಿಂದ ಇಳಿಯುವ ದಾರಿ ಅರ್ಧಕ್ಕೆ ಬಂದು ಎಡಕ್ಕೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಕೆಳಗೆ ಕ್ರಷರಿನ ಅಂಗಳ, ಅಲ್ಲಿ ಯಾವಾಗಲೂ ಹತ್ತು ಹನ್ನೆರಡು ಜನ. ಆ ತಿರುವಿನ ಹೊರಬದಿಗೆ ಗುರುಮಲ್ಲಣ್ಣ ಸಡಿಲ ಮಣ್ಣಿನ ಉದ್ದನೆಯ ಗುಡ್ಡೆ ಹಾಕಿಸಿದ್ದರು. ಮಳೆ ಬಂದು ಗಟ್ಟಿಯಾದರೆ ಕುಮಾರನ ಲೋಡರಿನಿಂದ ಮತ್ತೆ ಕೆದಕಿಸುತ್ತಿದ್ದರು. "ಉತ್ತ ಹೊಲ ಇದ್ದಂಗಿರ್ಬೇಕು" ಎನ್ನುವರು.

"ಏನ್ ಬಿತ್ತೀರಣ್ಣ, ರಾಗಿನಾ ಜೋಳನಾ?" ಎಂದು ಕುಮಾರ ಕೆಣಕುವನು.

"ನಿನ್ನೇ ಬಿತ್ತೀನಿ, ಕೆದಕಲಾ."

ಮ್ಯಾನೇಜರಿಗೆ ಆ ಗುಡ್ಡೆಯನ್ನು ಕಂಡರೆ ಆಗುತ್ತಿರಲಿಲ್ಲ. ಒಳ್ಳೆಯ ಮಣ್ಣು ಸುಮ್ಮನೆ ಬಿದ್ದಿದೆ, ಮುಖ್ಯರಸ್ತೆಯ ಕಡೆಯ ಹಳ್ಳ ತುಂಬಿಸಬಹುದು ಎಂದು ಅವರ ಅಭಿಪ್ರಾಯ.

ಈಗ ಆ ಸೋಮವಾರ. ಹಳೆಯ ಫೋರ್‌ಮನ್ ಕೆಲಸ ಬಿಟ್ಟಿದ್ದರು, ಅವತ್ತಿನಿಂದ ಶಿಫ್ಟಿನ ಉಸ್ತುವಾರಿ ನನ್ನದು. ಭಾನುವಾರ ಅಮ್ಮ ನಂಜನಗೂಡಿನ ದೇವಸ್ಥಾನಕ್ಕೆ ಹೋಗಿ ಬಂದು, "ಮೊದಲ ದಿನ, ಗಾಡಿಗೊಂದು ಕಾಯಿ ಒಡಿ" ಎಂದು ಕೊಟ್ಟಿದ್ದರು. ಬೇಗ ಬಂದೆ. ಬಕೆಟ್ಟಿನಲ್ಲಿ ನೀರು ತಂದು ಡಂಪರಿನ ಮುಂಭಾಗ ತೊಳೆದೆ, ಚಕ್ರಕ್ಕೆ ಕುಂಕುಮ ಇಟ್ಟೆ, ಚಕ್ರದ ಬುಡದಲ್ಲೇ ಕಾಯಿ ಒಡೆದೆ. ಗುರುಮಲ್ಲಣ್ಣ ಇನ್ನೂ ಬಂದಿರಲಿಲ್ಲ, ಬಿಳಿಗೆರೆಯ ಬಸ್ಸು ಕೆಟ್ಟು ನಿಂತಿತ್ತಂತೆ. ಅವರು ಸುತ್ತು ಹಾಕದ ದಿನವೇ ಇಲ್ಲವಲ್ಲ ಎಂದು ತಪಾಸಣೆಯ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಎಲ್ಲ ಚೌಕಗಳಿಗೂ ನಾನೇ ಸರಿ ಗುರುತು ಹಾಕಿಟ್ಟೆ. ಎಂಟು ಗಂಟೆ ದಾಟಿದ ಮೇಲೆ ಅವರು ಓಡೋಡಿ ಬಂದರು, ರಿಜಿಸ್ಟರಿಗೆ ಸೈನ್ ಹಾಕಿ ಸುತ್ತಿಗೆ ಹೊರಟರು. ಮುಂದಿನ ಚಕ್ರದ ಹತ್ತಿರ ಬಗ್ಗಿದಾಗಲೇ ನಾನು ಆ ಮಾತು ಹೇಳಿದ್ದು.

ಪೂಜೆಯ ನೀರನ್ನು ತುಳಿಯುವ ಜನ ನಮ್ಮ ಕಡೆ ಇಲ್ಲ. ಅದರಲ್ಲೂ ಗುರುಮಲ್ಲಣ್ಣ.

ಹನ್ನೊಂದಕ್ಕೆ ನಾನು ತಿರುವಿನ ಗುಡ್ಡೆಯ ಬಳಿ ಟೇಪು ಹಿಡಿದು ನಿಂತಿದ್ದೆ. ಮಧ್ಯಾಹ್ನ ಮಣ್ಣು ತೆಗೆಸುತ್ತೇನೆ, ಎಷ್ಟಿದೆ ಅಳೆದಿಡಿ ಎಂದು ಮ್ಯಾನೇಜರ್ ಹೇಳಿದ್ದರು. ಬೇಡ ಎನ್ನಲು ನನಗೆ ಮೊದಲ ದಿನವೇ ಬಾಯಿ ಬಂದಿರಲಿಲ್ಲ. ಮೇಲಿನಿಂದ ಹಾರನ್ ಕೇಳಿಸಿತು. ಹೊರಡುವಾಗ ಒಂದು, ಹಿಂದಕ್ಕೆ ಬರುವಾಗ ಮೂರು, ಹೀಗೆ ಅವರ ಹಾರನ್ನಿಗೆ ಲೆಕ್ಕವಿತ್ತು. ಇದು ನಿಲ್ಲಲೇ ಇಲ್ಲ. ತಲೆ ಎತ್ತಿದೆ. ತುಂಬಿದ ಡಂಪರು ಇಳಿಜಾರಿನಲ್ಲಿ ಬರುತ್ತಿತ್ತು. ಅದು ಯಾವತ್ತೂ ಬರದ ವೇಗದಲ್ಲಿ.

ಗಾಡಿಯನ್ನು ಮಣ್ಣಿಗೆ ನುಗ್ಗಿಸಿ ನಿಲ್ಲಿಸಲು ಅವರಿಗೆ ಬೇಕಿದ್ದ ಜಾಗದಲ್ಲೇ ನಾನು ನಿಂತಿದ್ದೆ. ಓಡಬೇಕು ಎಂದು ಗೊತ್ತಾಯಿತು, ಕಾಲಿಗೆ ಗೊತ್ತಾಗಲಿಲ್ಲ. ಆಗ ನಾನು ಮಾಡಿದ್ದು ಒಂದೇ, ಅವರು ಕಲಿಸಿದ್ದು: ಮುಖ ಹುಡುಕಿದೆ. ಗಾಜಿನ ಹಿಂದೆ ಗುರುಮಲ್ಲಣ್ಣನ ಮುಖ ಕಂಡಿತು. ಅವರು ಸ್ಟೇರಿಂಗಿನಿಂದ ಒಂದು ಕೈ ತೆಗೆದು, ಅಂಗಳಕ್ಕೆ ಬಂದ ಕೋಳಿಯನ್ನು ಓಡಿಸುವಂತೆ, ಆ ಕಡೆ ಹೋಗು ಎಂದು ಬೀಸಿದರು. ಕಾಲು ಬಂತು. ಓಡಿ ಚರಂಡಿಗೆ ಬಿದ್ದೆ. ನೆಲ ನಡುಗಿತು, ಕಲ್ಲು ಸುರಿದ ಸದ್ದು, ಆಮೇಲೆ ಧೂಳು. ಧೂಳಿನೊಳಗೆ ಹಾರನ್ ನಿಂತಿತು. ಎಂಜಿನ್ ಆಫ್ ಆಯಿತು.

ಧೂಳು ಇಳಿದಾಗ ಡಂಪರು ಅರ್ಧ ಮೈ ಮಣ್ಣಿನಲ್ಲಿ ಹೂತು ಓರೆಯಾಗಿ ನಿಂತಿತ್ತು. ಬಾಗಿಲು ತೆರೆಯಿತು. ಗುರುಮಲ್ಲಣ್ಣ ಹೊರಬಂದರು. ಎಡಗೈ ಎದೆಗೆ ಅವುಚಿಕೊಂಡಿದ್ದರು.

"ಅಣ್ಣೋ, ನೆಗೀರಿ, ನೆಗೀರಿ!" ಕುಮಾರ ಅಳುತ್ತ ಓಡಿಬಂದ.

"ನೆಗುದ್ರೆ ಕಾಲೂ ಮುರೀತದೆ, ಸುಮ್ಕಿರ್ಲಾ" ಎಂದು, ದಿನಾ ಇಳಿಯುವಂತೆಯೇ ಏಣಿಗೆ ಮುಖ ಮಾಡಿ, ಒಂದೇ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದರು. ಚರಂಡಿಯಿಂದ ಎದ್ದ ನನ್ನನ್ನು ಕಂಡು ಮೊದಲು ಕೇಳಿದ್ದು, "ಹೆಲ್ಮೆಟ್ ಎಲ್ಲಿ ಮೇಡಂ?" ಆಮೇಲೆ ಮಣ್ಣಿನಿಂದ ಹೊರಗುಳಿದಿದ್ದ ಮುಂದಿನ ಚಕ್ರದ ಒಳಬದಿಗೆ ಬೆರಳು ಹಾಕಿದರು. ಮೂಸಿದರು. ಆ ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು.

"ಕಾಯಿ ನೀರು ಇಂಗೆ ವಾಸ್ನೆ ಬರಕ್ಕಿಲ್ಲ ಕಣವ್ವಾ."

ಅದು ಬ್ರೇಕಿನ ಎಣ್ಣೆ. ಬೆಳಗ್ಗೆಯೇ ತೊಟ್ಟಿಕ್ಕುತ್ತಿದ್ದದ್ದು ನನ್ನ ಬಕೆಟ್ ನೀರಿನೊಳಗೆ, ನನ್ನ ಕಾಯಿ ನೀರಿನೊಳಗೆ ಬೆರೆತುಹೋಗಿತ್ತು.

ಆ ಸಂಜೆ ನಾನು ದಾರಿಯ ಮೇಲಿನ ಟೈರಿನ ಗುರುತುಗಳನ್ನು ನೋಡಿದೆ. ನೆಲ ಓದುವುದು ನಾನು ಕಲಿತ ವಿದ್ಯೆ. ಗುಡ್ಡೆಯ ಮೇಲ್ತುದಿಗೆ ನೇರವಾಗಿ, ಸಲೀಸಾಗಿ ನುಗ್ಗಬಹುದಿತ್ತು. ಅಲ್ಲಿ ನಾನಿದ್ದೆ. ಅವರು ಗಾಡಿಯನ್ನು ಒಳಬದಿಯ ಬಂಡೆಗೆ ಉಜ್ಜಿಕೊಂಡೇ ಇನ್ನೂ ನಲವತ್ತು ಅಡಿ ಇಳಿಸಿ, ಕೆಳತುದಿಯಲ್ಲಿ ಥಟ್ಟನೆ ತಿರುಗಿಸಿದ್ದರು. ಆ ತಿರುಗಿನಲ್ಲಿ ಸ್ಟೇರಿಂಗ್ ಒದ್ದು ಅವರ ಮಣಿಕಟ್ಟು ಮುರಿದಿತ್ತು. ಆ ನಲವತ್ತು ಅಡಿ ನನಗೆ ಕೊಟ್ಟ ಸಮಯ.

ಮರುದಿನ ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು ಹೇಳಿದರು: "ಗುರುವಾರ ಇನ್ಸ್‌ಪೆಕ್ಟರ್ ಬರ್ತಾರೆ. ರಿಜಿಸ್ಟರ್ ಸರಿಯಾಗೇ ಇದೆ, ಹಂಗೇ ಇರ್ಲಿ. ಆಪರೇಟರ್ ನೋಡಿದ್ದೀನಿ ಅಂತ ಸೈನ್ ಹಾಕಿದಾನೆ, ನೋಡಿಲ್ಲ. ಅವನಿಗೂ ವಯಸ್ಸಾಯ್ತು. ನಿಮ್ಮದು ಈಗ ಶುರು." ಹೀಗೆ ಬರೆದರೆ ಮೂವತ್ತನಾಲ್ಕು ವರ್ಷದ ಹೆಸರಿನ ಮೇಲೆ ಕೊನೆಯ ಸಾಲು ನನ್ನ ಸರಿ ಗುರುತುಗಳದ್ದೇ ಆಗುತ್ತಿತ್ತು. ಇನ್ನು ಮುಂದೆ ಯಾವ ಗಣಿಯವರೂ ಅವರನ್ನು ಸೀಟಿಗೆ ಹತ್ತಿಸುತ್ತಿರಲಿಲ್ಲ.

ಬುಧವಾರ ಬಿಳಿಗೆರೆಗೆ ಹೋದೆ. ಜಗುಲಿಯ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಅವರ ಮನೆಯವರು ಕಾಫಿ ಕೊಟ್ಟು, "ಬಾಮೈದ ಒದ್ಬುಟ್ನಂತೆ. ನಮ್ ಕಡೆಯೋನು ಅಂತ ನನ್ನೇ ಬಯ್ತಾವ್ರೆ ನೋಡವ್ವ" ಎಂದು ನಕ್ಕರು. ನಾನು ಲೋಟ ಕೆಳಗಿಟ್ಟೆ. ರಿಜಿಸ್ಟರನ್ನು ನಾನೇ ಮೊದಲೇ ತುಂಬಿಸಿದ್ದು, ಅವರ ಕೈ ತಡೆದದ್ದು, ಮ್ಯಾನೇಜರ್ ಹೇಳಿದ್ದು, ಎಲ್ಲ ಹೇಳಿದೆ.

ಅವರು ಪ್ಲಾಸ್ಟರಿನ ಅಂಚನ್ನು ಕೆರೆದರು.

"ಬೆರಳು ಯಾರ್ದವ್ವಾ?"

"ನಿಮ್ದು."

"ನೀವೇನ್ ಇಡ್ಕಂಡಿದ್ರಾ? ಮಾತು ನಿಮ್ದು, ಬೆರಳು ನಂದು. ಸೈನೂ ನಂದೇ. ಬಸ್ಸು ತಡ ಆಯ್ತು ಅಂತ ನಾನೂ ಸುತ್ತೋಕ್ ಮುಂಚೆನೇ ಹಾಕ್ಬುಟ್ಟೆ. ನಿಮ್ ಪಾಲು ನೀವು ಯೋಳಿ, ನನ್ ಪಾಲು ನಾನ್ ಯೋಳ್ತೀನಿ. ಒಬ್ರುದ್ದ ಇನ್ನೊಬ್ರು ಹೊತ್ರೆ ಓವರ್‌ಲೋಡ್ ಆಯ್ತದೆ. ಆಮೇಲೆ ಬ್ರೇಕ್ ಇಡಿಯಾಕಿಲ್ಲ."

"ಷೆಡ್ಡಿನ ಹತ್ರ ಯಾಕೆ ಕಾಯಿ ಒಡೀತಿದ್ರಿ ಅಂತ ನಾನು ಒಂದಿನಾನೂ ಕೇಳ್ಲಿಲ್ಲ."

"ನಾನೂ ಯೋಳ್ಲಿಲ್ವಲ್ಲ. ಅದು ನನ್ ಪಾಲಿಗೇ ಬರ್ಕಳಿ. ಗಾಡಿ ಕೆಳಗಿನ ನೆಲ ಒಣಗಿರ್ಬೇಕು ಕಣವ್ವಾ. ಅದು ಮಾತಾಡೋದೇ ಅಲ್ಲಿ."

ಗುರುವಾರ ಇಬ್ಬರೂ ಹೇಳಿದೆವು. ಮೊದಲು ನಾನು. ಎಲ್ಲವನ್ನೂ ಬರೆದುಕೊಟ್ಟೆ. ಇನ್ಸ್‌ಪೆಕ್ಟರ್ ವಯಸ್ಸಾದವರು, ಓದಿ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಎಣ್ಣೆಯ ಪೈಪು ಬದಲಿಸದೆ ಬಿಟ್ಟದ್ದು ಕ್ವಾರಿಯ ತಪ್ಪು ಎಂದರು. ನನ್ನನ್ನು ಉಸ್ತುವಾರಿಯಿಂದ ಇಳಿಸಿ ಒಂದು ತಿಂಗಳ ತರಬೇತಿಗೆ ಕಳಿಸಬೇಕೆಂದರು. ಗುರುಮಲ್ಲಣ್ಣನಿಗೆ ಬಾಯಿಮಾತಿನ ಎಚ್ಚರಿಕೆ. ತಿರುವಿನ ಮಣ್ಣನ್ನು ಯಾರೂ ಮುಟ್ಟಕೂಡದು ಎಂದು ಬರೆದರು. ಹೊರಡುವಾಗ, "ಈ ಗುಡ್ಡೆ ಹಾಕಿಸಿದವರು ಯಾರು?" ಎಂದು ಕೇಳಿದರು. ಕುಮಾರ ಹಿಂದಿನಿಂದ, "ನಮ್ಮಣ್ಣ ಸಾ. ಕೆದಕ್ತಿದ್ದೋನು ನಾನು" ಎಂದ.

ಗುರುಮಲ್ಲಣ್ಣನ ಹೆಸರು ಉಳಿಯಿತು. ನನಗೆ ನಿದ್ದೆ ಮಾತ್ರ ಬರಲಿಲ್ಲ. ತರಬೇತಿ ಮುಗಿಸಿ ಹಿಂದಿರುಗಿದರೂ ಡಂಪರು ಸ್ಟಾರ್ಟ್ ಆದರೆ ನನ್ನ ಪೆನ್ನು ಕೈಯಿಂದ ಬೀಳುತ್ತಿತ್ತು. ಗುರುಮಲ್ಲಣ್ಣ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದಿದ್ದರು. ಮಣಿಕಟ್ಟಿಗೆ ಮೊದಲಿನ ಬಲವಿರಲಿಲ್ಲ, ಆದ್ದರಿಂದ ಕುಮಾರನನ್ನು ಸೀಟಿನಲ್ಲಿ ಕೂರಿಸಿ ತಾವು ಪಕ್ಕದಲ್ಲಿ ಕೂತು ಕಲಿಸುತ್ತಿದ್ದರು. ದಿನಾ ಬೆಳಗ್ಗೆ ನನ್ನನ್ನೂ ಸುತ್ತಿಗೆ ಕರೆಯುತ್ತಿದ್ದರು. ಅವರ ಜೊತೆ ಟೈರು ತಟ್ಟುತ್ತ ನಡೆದೆ. ಒದ್ದೆ ಕಂಡಲ್ಲೆಲ್ಲ ನನ್ನ ಬೆರಳೇ ಇಳಿಯಬೇಕು, ನನ್ನ ಮೂಗೇ ಹೇಳಬೇಕು.

ಒಂದು ಬೆಳಗ್ಗೆ ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ಕೇಳಿದರು: "ಎದ್ ಕೂತ್ಕಂಡು ಏನ್ ಮಾಡ್ತೀರಿ?"

"ಅದೇ ನೋಡ್ತೀನಿ. ಮತ್ತೆ ಮತ್ತೆ."

"ಎಲ್ಲೀ ಗಂಟ?"

ಯೋಚಿಸಿದೆ. "ನಿಮ್ಮ ಮುಖ ಕಾಣೋವರೆಗೆ. ಅಲ್ಲಿಗೆ ಎಚ್ಚರ ಆಗ್ತದೆ."

"ಅರ್ಧಕ್ಕೇ ಬುಟ್ರೆ ಎಂಗವ್ವಾ? ಮುಂದಕ್ಕೂ ನೋಡಿ. ಗಾಡಿ ಮಣ್ಣಿಗೆ ಓಯ್ತು. ನಿಂತ್ಕತ್ತು. ನಾನು ಇಳ್ದು ಬಂದೆ. ನೀವು ಎದ್ ಬಂದ್ರಿ. ಈ ನನ್ ಮಗ ಗೊಳೋ ಅಂತ ಅತ್ತ. ಅಲ್ಲೀ ಗಂಟ ನೋಡಿ, ಆಮೇಲೆ ಮಲೀಕಳಿ."

"ನಾನೆಲ್ಲಿ ಅತ್ತೆ? ಧೂಳು ಬಿದ್ದಿತ್ತು ಕಣ್ಣಿಗೆ" ಎಂದ ಕುಮಾರ ಮೇಲಿನಿಂದ.

ಕುಮಾರ ಪಳಗಿದ. ನನಗೆ ಉಸ್ತುವಾರಿ ಮತ್ತೆ ಬಂತು. ಗುರುಮಲ್ಲಣ್ಣನಿಗೆ ಉತ್ತರ ಕರ್ನಾಟಕದ ಒಂದು ಗಣಿಯಿಂದ ಹೊಸ ಆಪರೇಟರುಗಳಿಗೆ ಕಲಿಸುವ ಕೆಲಸಕ್ಕೆ ಕರೆ ಬಂತು. ತನಿಖೆಯ ಕಾಗದ ಓದಿಯೇ ಕರೆದದ್ದಂತೆ: ಬ್ರೇಕ್ ಹೋದ ಗಾಡಿಯನ್ನು ಯಾರಿಗೂ ತಾಗಿಸದೆ ನಿಲ್ಲಿಸಿದವರು, ತಮ್ಮ ತಪ್ಪನ್ನು ತಾವೇ ಹೇಳಿದವರು. ಕೊನೆಯ ದಿನ ಶನಿವಾರ. ಯಾರಿಗೂ ಭಾಷಣ ಮಾಡಲು ಬಿಡಲಿಲ್ಲ. ಒಬ್ಬರೇ ಒಂದು ಸುತ್ತು ಹಾಕಿದರು, ಬಾಮೈದನ ಟೈರು ತಟ್ಟಿ, "ಮಾತು ಕೇಳ್ಲಾ" ಎಂದರು. ನಾನು ಬಸ್ಸಿನವರೆಗೆ ಹೋದೆ. ಬಸ್ಸು ಹೊರಟ ಮೇಲೆ ಕಿಟಕಿಗಳಲ್ಲಿ ಅವರ ಮುಖ ಹುಡುಕಿದೆ. ಹಿಂದಿನ ಸೀಟಿನಿಂದ ಕೈ ಹೊರಗೆ ಬಂತು, ಕೋಳಿ ಓಡಿಸುವಂತೆ ಬೀಸಿತು: ಹೋಗಿ, ಕೆಲಸ ನೋಡಿ.

ಮುಂದಿನ ಸೋಮವಾರ ನಾನು ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ಏಳೂವರೆ. ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಎಬ್ಬಿಸಲು ಮನಸ್ಸು ಬರಲಿಲ್ಲ" ಎಂದರು. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಕ್ವಾರಿ ಮುಟ್ಟಿದಾಗ ಎಂಟೂ ಇಪ್ಪತ್ತು. ಎಂಜಿನ್ ಸದ್ದಿಲ್ಲ. ಕುಮಾರ ಏಣಿಯ ಬುಡದಲ್ಲಿ ಶೂ ಉಜ್ಜಿಕೊಂಡು ನಿಂತಿದ್ದ. ರಿಜಿಸ್ಟರ್ ಖಾಲಿ ಇತ್ತು. ಡಂಪರಿನ ಕೆಳಗಿನ ನೆಲ ಒಣಗಿತ್ತು. ದೂರದಲ್ಲಿ, ಷೆಡ್ಡಿನ ಬಾಗಿಲ ಕಲ್ಲಿನ ಮೇಲೆ, ಒಡೆಯದ ತೆಂಗಿನಕಾಯಿ ಕಾಯುತ್ತಿತ್ತು.

"ಏನ್ ಮೇಡಂ, ಇಷ್ಟೊತ್ತು? ಹುಷಾರಿಲ್ವಾ? ನೀವಿಲ್ದೆ ಸುತ್ತೋದು ಬ್ಯಾಡ ಅಂತ ನಿಂತಿದ್ದೆ."

"ಹುಷಾರಾಗೇ ಇದೀನಿ ಕುಮಾರ್" ಎಂದೆ. "ನಿದ್ದೆ ಬಂದ್ಬಿಟ್ಟಿತ್ತು."

ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಮೊದಲ ಟೈರಿನ ಮೇಲೆ ಅಂಗೈ ಇಟ್ಟೆ.